ನಡುಗಡ್ಡೆ ತೋರಿಸಿದಾಕೆ

ನಮ್ಮ ಕಡೆ ಮಗಳನ್ನು ಕೊಡುವ ಮೊದಲು ಗಂಡಿನ ಮನೆ, ಹೊಲ ನೋಡಿ ಬರುವ ಪದ್ಧತಿ ಇದೆ. ಹೋಗುವವರು ಗಂಡಸರು. ಅವರು ಗೋಡೆ ತಟ್ಟಿ ನೋಡುತ್ತಾರೆ, ಎತ್ತಿನ ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ, ಬಾವಿಗೆ ಕಲ್ಲು ಹಾಕಿ ನೀರಿನ ಸಪ್ಪಳ ಕೇಳುತ್ತಾರೆ, ಹೊಟ್ಟೆ ತುಂಬ ಉಂಡು ಸಂಜೆಯ ಬಸ್ಸಿಗೆ ಮರಳುತ್ತಾರೆ. ಆ ಮನೆಯಲ್ಲಿ ಜೀವಮಾನ ಕಳೆಯಬೇಕಾದವಳು ಮಾತ್ರ ಊರಲ್ಲೇ ಕೂತು, ಅವರು ಬಂದು ಹೇಳಿದ್ದನ್ನು ಬಾಗಿಲ ಸಂದಿಯಿಂದ ಕೇಳಬೇಕು. ಇದು ನನಗೆ ಯಾವತ್ತೂ ತಲೆಗೆ ಹೋಗಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅಡುಗೆ ಮಾಡುವವಳೇ ಒತ್ತಿ ನೋಡಿ ಆರಿಸುತ್ತಾಳೆ.

ಹಾಗಾಗಿ ಅಪ್ಪನಿಗೆ ಹೇಳಿಯೇಬಿಟ್ಟೆ. “ಅಪ್ಪಾ, ಹೊಲಾ ನೋಡಾಕ ನಾನೂ ಬರತೀನಿ.”

ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. ಕಾಕಾ, ಅಂದರೆ ಅಪ್ಪನ ತಮ್ಮ, ಚಹಾದ ಬಟ್ಟಲು ಕೆಳಗಿಟ್ಟು, “ಹುಚ್ಚ ಹಿಡದೈತೇನ ಈಕಿಗೆ? ಹುಡುಗಿ ತಾನ ಹೋಗಿ ಗಂಡಿನ ಮನಿ ನೋಡತಾಳ ಅಂದ್ರ ನಾಕ ಮಂದಿ ಏನಂದಾರು?” ಎಂದ. ಅಪ್ಪ ಬಹಳ ಹೊತ್ತು ಮೀಸೆ ತಿರುವಿದ. ಆಮೇಲೆ, “ಅಲ್ಲಿ ಇರಾಕಿ ಆಕಿ. ಬರಲಿ. ಆಕಿ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ,” ಎಂದು ಎದ್ದು ಹೋದ. ಎಂಬತ್ತರ ದಶಕದ ನಡುವೆ, ಅಥಣಿ ತಾಲೂಕಿನ ಮೂಡಣ ಅಂಚಿನ ಹಳ್ಳಿಯಲ್ಲಿ ಒಬ್ಬ ತಂದೆ ಹೀಗಂದದ್ದು ಸಣ್ಣ ಮಾತಲ್ಲ. ಅದಕ್ಕಾಗಿ ಅಪ್ಪನನ್ನು ಇವತ್ತಿಗೂ ದಿನಕ್ಕೊಮ್ಮೆ ನೆನೆಯುತ್ತೇನೆ.

ನಿಜ ಹೇಳಬೇಕೆಂದರೆ ನಾನು ಹೊರಟದ್ದು ಊಹೂಂ ಅನ್ನುವುದಕ್ಕೇ. ಗಂಡಿನ ಮನೆ ಇದ್ದದ್ದು ಕೃಷ್ಣಾ ಹೊಳೆಯ ನಡುಗಡ್ಡೆಯಲ್ಲಿ. ಉಗಾರ ಖುರ್ದದ ಆಚೆ ಹೊಳೆಗೆ ಇಳಿದು ದೋಣಿ ಹತ್ತಬೇಕು. ಸುತ್ತಲೂ ನೀರು, ನಡುವೆ ಹತ್ತು ಹನ್ನೆರಡು ಮನೆ. ನಮ್ಮೂರಲ್ಲಿ ನೀರು ಅಂದರೆ ಬಾವಿಯ ತಳದಲ್ಲಿ ಮಿನುಗುವ ಒಂದು ಬಿಲ್ಲೆ. ಬೇಸಗೆಯಲ್ಲಿ ಅದೂ ಇಲ್ಲ. ಮೊಣಕಾಲಿಗಿಂತ ಆಳದ ನೀರಿನಲ್ಲಿ ನಾನು ನಿಂತವಳೇ ಅಲ್ಲ.

ಹುಡುಗ ತನ್ನ ಸೋದರಮಾವನ ಜೊತೆ ಒಮ್ಮೆ ನನ್ನನ್ನು ನೋಡಲು ಬಂದಿದ್ದ. ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಈತ ತಲೆ ತಗ್ಗಿಸಿಕೊಂಡು ಕೇಳಿದ್ದು ಒಂದೇ ಮಾತು: “ನಿಮಗ ಈಸಾಕ ಬರತೈತೇನ್ರಿ?” ನನಗೆ ಸಿಟ್ಟು ನೆತ್ತಿಗೇರಿತು. “ನಮ್ಮೂರಾಗ ಕಪ್ಪಿಗೂ ಈಸಾಕ ಬರೂದಿಲ್ರಿ,” ಎಂದುಬಿಟ್ಟೆ. ಅವನು ಗಟ್ಟಿಯಾಗಿ ನಕ್ಕ. ಆ ನಗೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ನಗೆಯನ್ನು ನಂಬಿ ನೀರಿನ ನಡುವೆ ಸಂಸಾರ ಹೂಡಲು ಆಗುತ್ತದೆಯೇ?

ಹೋಳಿ ಹುಣ್ಣಿಮೆ ಆಗಿ ನಾಲ್ಕು ದಿನಕ್ಕೆ ಅಪ್ಪ, ಕಾಕಾ, ನಾನು ಮೂವರೂ ಹೊರಟೆವು. ಜೋಳ ಕೊಯ್ದಾಗಿತ್ತು. ಊರಿಂದ ಅಥಣಿಯವರೆಗೆ ಕೂಳೆ ಬಿಟ್ಟರೆ ಬೇರೇನೂ ಕಾಣದು. ಬೀಗರ ಮನೆಗೆ ಹೋಗುವ ಠೀವಿಗೆಂದು ಕಾಕಾ ಅಥಣಿಯಲ್ಲಿ ಹೊಸ ಚಪ್ಪಲಿ ಕೊಂಡ. ನಡೆದರೆ ಕರ್ ಕರ್ ಎಂದು ಊರಿಗೆಲ್ಲ ಕೇಳುವಂಥವು. ಬಸ್ಸು ಬದಲಿಸಿ ಉಗಾರ ಸಮೀಪಿಸಿದಂತೆ ಗಾಳಿಯಲ್ಲಿ ಕಬ್ಬಿನ ವಾಸನೆ ಬಂತು. ರಸ್ತೆಯುದ್ದಕ್ಕೂ ಕಬ್ಬು ಹೇರಿದ ಚಕ್ಕಡಿಗಳ ಸಾಲು. ಚಿಕ್ಕೋಡಿಯಿಂದ ಬಂದು ನಮ್ಮನ್ನು ಕೂಡಿಕೊಳ್ಳಬೇಕಾಗಿದ್ದ ಹುಡುಗನ ಸೋದರಮಾವನ ಸುಳಿವಿಲ್ಲ. ಒಂದು ತಾಸು ಕಾದು, ನಾವೇ ಹೊಳೆಗೆ ಇಳಿದೆವು. ಹುಡುಗನೂ ಇಲ್ಲ, ಕಬ್ಬಿನ ಚಕ್ಕಡಿ ತೆಗೆದುಕೊಂಡು ಕಾರ್ಖಾನೆಗೆ ಹೋದವನಿಗೆ ಇನ್ನೂ ಪಾಳಿ ಬಂದಿಲ್ಲ ಎಂದು ದೋಣಿಯವನು ಹೇಳಿದ. ಅಂದರೆ ನನ್ನ ಮುಖ ಕಂಡು ಗುರುತಿಸಬಲ್ಲವರು ಆ ದಿನ ನಡುಗಡ್ಡೆಯಲ್ಲಿ ಒಬ್ಬರೂ ಇರಲಿಲ್ಲ.

ದೋಣಿ ಸಾಗುವಷ್ಟು ಹೊತ್ತೂ ನಾನು ಕಣ್ಣು ಮುಚ್ಚಿ ಅಪ್ಪನ ಧೋತರದ ಅಂಚು ಹಿಡಿದೇ ಇದ್ದೆ. ಕಣ್ಣು ಬಿಟ್ಟಾಗ ಆಚೆ ದಂಡೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು. ಮಾಸಲು ಕಂದು ಸೀರೆ, ಸೊಂಟಕ್ಕೆ ಬಿಗಿದ ಸೆರಗು, ಬರಿಗಾಲು, ಕೈಯಲ್ಲೊಂದು ಕುಡುಗೋಲು. ಹುಡುಗನ ತಾಯಿ. ಗಂಡ ತೀರಿಕೊಂಡು ಎಂಟು ವರ್ಷವಾಗಿ, ಹೊಲವನ್ನೂ ಮಗನನ್ನೂ ತಾನೇ ಬೆಳೆಸಿದಾಕೆ ಎಂದು ಕೇಳಿದ್ದೆವು.

“ಬರ್ರಿ ಪಾವಣೇರ, ಬರ್ರಿ,” ಎಂದು ನಮಸ್ಕಾರ ಮಾಡಿದವಳು ನನ್ನನ್ನು ನೋಡಿ, “ಈ ತಂಗಿ ಯಾರ್ರಿ?” ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ, “ಹುಡುಗಿ ತಂಗಿರಿ ಅಕ್ಕಾರ. ಹಟಾ ಮಾಡಿ ಬೆನ್ನ ಹತ್ತಿ ಬಂದಾಳ,” ಎಂದ.

ಎರಡು ಜಡೆ ಹಾಕಿದ್ದ ನನ್ನನ್ನು ಆಕೆ ಮೇಲಿಂದ ಕೆಳಗೆ ನೋಡಿ, ನಕ್ಕು, ನಂಬಿಬಿಟ್ಟಳು. ಯಾಕೆ ನಂಬಬಾರದು? ಹೆಣ್ಣು ತಾನೇ ಗಂಡಿನ ಮನೆ ನೋಡಲು ಬಂದದ್ದನ್ನು ಆಕೆ ಕಂಡಿರಲಿಲ್ಲ, ಅವಳ ಅತ್ತೆಯೂ ಕಂಡಿರಲಿಲ್ಲ. ನಾನು ಕಾಕಾನ ಕಡೆ ಕೆಂಗಣ್ಣು ಬಿಟ್ಟೆ. ಅವನು ಕಿವಿಯಲ್ಲಿ, “ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡ ಅಂದಾರ. ಇದು ಇನ್ನೂ ಒಂದನೇದು,” ಎಂದ. ಅಪ್ಪ ಮೀಸೆಯೊಳಗೇ ನಗುತ್ತ ಮುಂದೆ ನಡೆದ.

ಅವತ್ತು ಆಕೆ ನಮಗೆ ನಡುಗಡ್ಡೆಯನ್ನು ತೋರಿಸಿದ ಬಗೆಯನ್ನು ನಾನು ಮರೆಯಲಾರೆ. ಆಮೇಲೆ ಶಿಕ್ಷಕಿಯಾಗಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಎಷ್ಟೋ ಊರು, ಕೋಟೆ, ಜಲಪಾತ ನೋಡಿದ್ದೇನೆ, ಕೋಲು ಹಿಡಿದು ವಿವರಿಸುವ ಗೈಡುಗಳ ಹಿಂದೆ ತಿರುಗಿದ್ದೇನೆ. ಈಕೆಯ ಮುಂದೆ ಅವರೆಲ್ಲ ಪಾಠ ಒಪ್ಪಿಸುವವರು. ಈಕೆಗೆ ತನ್ನದೇ ದಾರಿ ಇತ್ತು, ತನ್ನದೇ ನಿಯಮ ಇತ್ತು. ಮೊದಲನೆಯದು, ಬಿಸಿಲು ಯಾವಾಗಲೂ ನಮ್ಮ ಬೆನ್ನಿಗೆ ಇರಬೇಕು, ಕಣ್ಣಿಗೆ ಹೊಡೆಯಬಾರದು. ಅದಕ್ಕೆಂದೇ ಆಕೆ ನಮ್ಮನ್ನು ಮನೆಗೆ ಕರೆಯದೆ ನೇರ ಮೂಡಣ ತುದಿಗೆ ಕರೆದೊಯ್ದು ಅಲ್ಲಿಂದ ಸುತ್ತು ಹಾಕಿಸಿದಳು. ಎರಡನೆಯದು, ಕಾಕಾ ಬಾಯಿ ತೆರೆದಾಗೆಲ್ಲ ಹೇಳುತ್ತಿದ್ದದ್ದು: “ಮೊದಲ ನೋಡ್ರಿ ಅಣ್ಣಾರ, ಆಮ್ಯಾಲ ಕೇಳ್ರಿ.”

ಮೊದಲು ಉಸುಕು. ಹೊಳೆ ಹಿಂದೆ ಸರಿದು ಬಿಟ್ಟ ಬಿಳಿ ಉಸುಕಿನಲ್ಲಿ ಸಾಲು ಸಾಲು ಕುಣಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಹಾಕಿದ್ದರು. ಬಳ್ಳಿ ಉಸುಕಿನ ಮೇಲೆಲ್ಲ ಹರಿದಿತ್ತು. ಆಕೆ ಒಂದು ಹಣ್ಣನ್ನು ಬೆರಳಿನಿಂದ ತಟ್ಟಿ, ಊಹೂಂ ಎಂದು ಬಿಟ್ಟು, ಇನ್ನೊಂದನ್ನು ತಟ್ಟಿ, ಕುಡುಗೋಲಿನಿಂದ ಸೀಳಿ ಕೊಟ್ಟಳು. ಒಳಗೆ ಬಿಸಿಲಿನ ಕಾವು ಇರಲಿಲ್ಲ, ತಂಪಿತ್ತು. ರಸ ಮೊಣಕೈವರೆಗೆ ಇಳಿಯಿತು. ಕಾಕಾನ ಹೊಸ ಚಪ್ಪಲಿಯಲ್ಲಿ ಉಸುಕು ತುಂಬಿ ಅವನು ಅವನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಸಂಜೆಯವರೆಗೆ ಅವು ಕಾಲಿಗೆ ಹೋಗಲಿಲ್ಲ.

ಉಸುಕು ಮುಗಿದಲ್ಲಿ ಕರಿ ಮಣ್ಣು. ಮಳೆಗಾಲದ ಹೊಳೆ ವರ್ಷ ವರ್ಷ ತಂದು ಹಾಸಿ ಹೋಗುವ ಮಣ್ಣು ಅದು. ಅಪ್ಪ ಬಗ್ಗಿ ಒಂದು ಮುಷ್ಟಿ ಎತ್ತಿ, ಹಿಂಡಿ, ಮೂಸಿ, ಮತ್ತೆ ಅಲ್ಲೇ ಇಟ್ಟ. ಕಲ್ಲು ಆರಿಸಿ ಆರಿಸಿ ಬೆನ್ನು ಬಾಗಿದ ಮನುಷ್ಯ ನನ್ನಪ್ಪ. ಆ ಹೊಲದಲ್ಲಿ ಅವನಿಗೆ ಒಂದು ಕಲ್ಲು ಕಾಣಲಿಲ್ಲ. ಬದನೆಯ ಗಿಡಗಳು ಎದೆಯೆತ್ತರ ಬೆಳೆದಿದ್ದವು. ಹೊಳೆದಂಡೆಯ ಬದನೆಕಾಯಿ ಎಂದರೆ ಹಾರೂಗೇರಿ ಸಂತೆಯಲ್ಲಿ ಜಗಳವಾಡಿ ಒಯ್ಯುತ್ತಾರೆ ಎಂದು ಆಕೆ ಹೇಳಿದಳು, ಒಂದನ್ನು ಕೊಯ್ದು ಹಸಿಯಾಗಿಯೇ ತಿನ್ನಲು ಅಪ್ಪನಿಗೆ ಕೊಟ್ಟಳು. ಅಪ್ಪ ಅದನ್ನೂ ತಿಂದ. ಬೀಗಸ್ತನದ ದಿನ ಹಸಿ ಬದನೆಕಾಯಿ ತಿಂದ ಗಂಡಸನ್ನು ನಾನು ಅವನೊಬ್ಬನನ್ನೇ ಕಂಡಿದ್ದೇನೆ.

ಆಮೇಲೆ ಬಾಳೆ. ಒಳಗೆ ಕಾಲಿಟ್ಟರೆ ಹಗಲು ಹೊತ್ತಿನಲ್ಲೇ ಹಸಿರು ಮಬ್ಬು. ಬಾಳೆಯ ಆಚೆ ಅರಿಶಿನ ಕುದಿಸುತ್ತಿದ್ದರು. ದೊಡ್ಡ ಕಡಾಯಿ, ಕೆಳಗೆ ಕಬ್ಬಿನ ಒಣ ರವದಿ ಗರಿಗಳ ಬೆಂಕಿ, ಹಳದಿ ಹಬೆ. ಕುದಿದ ಬೇರುಗಳನ್ನು ಅಂಗಳದ ತುಂಬ ಹರವಿದ್ದರು. ನಾನು ಬಗ್ಗಿ ಒಂದನ್ನು ಮುರಿದೆ. ಒಳಗೆ ಕೆಂಡದಂಥ ಕೇಸರಿ ಬಣ್ಣ. ಅಲ್ಲಿಯವರೆಗೆ ನಾನು ಅರಿಶಿನವನ್ನು ಡಬ್ಬಿಯಲ್ಲಷ್ಟೇ ಕಂಡಿದ್ದೆ. ಆ ಹಬೆಯಲ್ಲಿ ನಿಂತು, ಉಸಿರು ಎಳೆದುಕೊಂಡಾಗ, ಮೊದಲ ಸಲ ನನ್ನ ಊಹೂಂ ಸ್ವಲ್ಪ ಅಲುಗಿತು.

ಗಾಣದ ಹತ್ತಿರ ಬಂದಾಗ ಪೂರ್ತಿ ಅಲುಗಿತು. ಬೆಲ್ಲ ಕಟ್ಟುವ ಮೊದಲಿನ ಬಿಸಿ ಕಾಕವಿಯನ್ನು ಆಕೆ ಬಾಳೆಯೆಲೆಯ ತುಂಡಿನ ಮೇಲೆ ಹೊಯ್ದು ಕೊಟ್ಟಳು. ಊದಿ ಊದಿ ನೆಕ್ಕಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು, ತಾನು ತಿಂದಷ್ಟೇ ಸಂತೋಷದಿಂದ. ನಡೆಯುವಾಗ ಆಕೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ, ಆದರೆ ಯಾರ ಕಾಲು ಎಲ್ಲಿ ಎಡವಿತು ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಪ್ರತಿ ಗಿಡಕ್ಕೂ ಅದನ್ನು ಹಚ್ಚಿದವರ ನೆನಪು ಅವಳ ಬಾಯಲ್ಲಿತ್ತು. ಇದು ಮಾವ ಹಚ್ಚಿದ್ದು, ಇದು ಗಂಡ ಹಚ್ಚಿದ್ದು, ಈ ನಿಂಬೆ ಮಗ ಸಾಲಿಗೆ ಹೋಗುವಾಗ ರಾಯಬಾಗದಿಂದ ತಂದದ್ದು. ತಾನು ಹಚ್ಚಿದ್ದನ್ನು ಮಾತ್ರ ಹೇಳಲಿಲ್ಲ. ದಾರಿಯಲ್ಲಿ ಕಬ್ಬು ಕಡಿಯುತ್ತಿದ್ದ ಆಳೊಬ್ಬಳು, “ಅರ್ಧಾ ಗಡ್ಡಿ ಅವ್ವಾರ ಕೈಲೆ ಹಚ್ಚಿದ್ದ ಐತಿ,” ಎಂದು ಹೇಳಿದ್ದರಿಂದ ನಮಗೆ ತಿಳಿಯಿತು.

ಕೊನೆಗೆ ದಿಬ್ಬ. ನಡುಗಡ್ಡೆಯ ಎಲ್ಲಕ್ಕಿಂತ ಎತ್ತರದ ಜಾಗ. ಮನೆಗಳೆಲ್ಲ ಅಲ್ಲೇ. ಒಂದು ಹಳೆಯ ಮಾವಿನ ಮರದ ಕೆಳಗೆ ನಿಲ್ಲಿಸಿ, “ಈಗ ನೋಡ್ರಿ,” ಎಂದಳು. ಆ ಕಡೆ ಉಗಾರದ ಚಿಮಣಿ, ಈ ಕಡೆ ರಾಯಬಾಗದ ದಿಕ್ಕಿನ ಬಯಲು, ಎರಡೂ ಬಗಲಿಗೆ ನೀರು, ನಡುವೆ ಇಷ್ಟು ಹೊತ್ತು ನಾವು ನಡೆದ ಬಾಳೆ, ಅರಿಶಿನ, ಕಬ್ಬು, ಎಲ್ಲ ಒಂದೇ ಹರವಿನಲ್ಲಿ. ಬೆಳಗಿನಿಂದ ತುಂಡು ತುಂಡಾಗಿ ತೋರಿಸಿದ್ದನ್ನು ಒಮ್ಮೆಗೇ ಕಾಣಲಿ ಎಂದೇ ಅದನ್ನು ಕೊನೆಗೆ ಉಳಿಸಿಕೊಂಡಿದ್ದಳು. ಇಷ್ಟು ಹಸಿರು ಒಂದೇ ಕಡೆ ಇರಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಕಾಕಾ ಚಪ್ಪಲಿ ಹಿಡಿದ ಕೈ ಮೇಲೆತ್ತಿ, “ಏ ಅಣ್ಣಾ, ನನಗ ಮಗಳಿದ್ರ ಇವತ್ತ ಕೊಟ್ಟ ಹೋಗತಿದ್ನಿ ನೋಡ,” ಎಂದ.

ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಡಿಗೆಯ ಮೊಸರು. ಉಂಡ ಗಂಡಸರು ಮಾವಿನ ನೆರಳಲ್ಲಿ ಕಂಬಳಿಯ ಮೇಲೆ ಉರುಳಿದರು. ಎರಡು ನಿಮಿಷಕ್ಕೆ ಕಾಕಾನ ಗೊರಕೆ ಕೇಳಿತು. ಆಕೆ ಅದನ್ನೇ ಕಾಯುತ್ತಿದ್ದವಳಂತೆ ನನ್ನ ಕೈ ಹಿಡಿದು, “ಬಾ ತಂಗಿ, ಒಂದ ಜಾಗಾ ಉಳದೈತಿ. ಅದನ್ನ ಗಂಡಸರಿಗೆ ತೋರ್ಸೂದಿಲ್ಲ,” ಎಂದಳು.

ಮನೆಯೊಳಗೆ ಏಣಿ ಹತ್ತಿಸಿ ಅಟ್ಟಕ್ಕೆ ಕರೆದೊಯ್ದಳು. ಅಲ್ಲಿ ಒಂದು ಒಲೆ ಇತ್ತು. ಮಣ್ಣಿನ ಒಲೆ, ಹೊಸದಾಗಿ ಸಾರಿಸಿದ್ದು. ಬದಿಗೆ ಉರುವಲಿಗೆ ಕುಳ್ಳು, ಹಿಟ್ಟಿನ ಡಬ್ಬಿ, ಹಗ್ಗದ ಸುರುಳಿ, ಎರಡು ಕಂದೀಲು. ಅಟ್ಟದ ಮೇಲೆ ಒಲೆ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಕೇಳಿದೆ.

“ಆಷಾಢ ಶ್ರಾವಣದಾಗ ಹೊಳಿ ಬರತೈತಿ. ಒಮ್ಮೊಮ್ಮಿ ದಿಬ್ಬದ ಮ್ಯಾಲ, ಮನಿಯೊಳಗ ಬರತೈತಿ. ಆವಾಗ ಅಡಗಿ ಇಲ್ಲೆ. ನೀ ಬೆಳಿಗ್ಗಿಂದ ನೋಡಿದ್ದೆಲ್ಲಾ ಇರೂದಿಲ್ಲ ತಂಗಿ. ಬದನಿಕಾಯಿ ಇಲ್ಲ, ಉಸುಕ ಇಲ್ಲ, ಬಾಳಿ ತುದಿ ಅಷ್ಟ ಕಾಣತಾವ. ಹದಿನೈದ ಇಪ್ಪತ್ತ ದಿವಸ ದೋಣಿ ನಿಲ್ಲತೈತಿ. ಯಾರಿಗೆ ಏನಾದ್ರೂ ಇಲ್ಲೆ.” ಆಕೆ ಒಲೆಯ ಅಂಚನ್ನು ಸವರಿದಳು. “ಇದನ್ನ ನಿಮ್ಮ ಅಕ್ಕಗ ಹೇಳವ್ವ. ನಮ್ಮಣ್ಣ ಹೇಳಬ್ಯಾಡ ಅಂದಾನ. ಎರಡ ಕಡೆಯವರು ಬಂದ ನೋಡಿ, ಒಲ್ಲೆ ಅಂದ ಹೋಗ್ಯಾರ. ಮಗಗ ವಯಸ್ಸ ಆಗಾಕತ್ತೈತಿ. ಆದ್ರ ಹೇಳದ ಹ್ಯಾಂಗ ಇರಲಿ? ನನಗ ಯಾರೂ ಹೇಳಿರಲಿಲ್ಲ.”

ಆಮೇಲೆ ತನ್ನ ಕತೆ ಹೇಳಿದಳು. ಹದಿನಾರಕ್ಕೆ ಲಗ್ನವಾಗಿ ಬಂದವಳು. ಅವಳ ಅಪ್ಪನನ್ನೂ ಹೀಗೇ ಬೇಸಗೆಯಲ್ಲಿ ಕರೆತಂದು, ಕಾಕವಿ ತಿನಿಸಿ, ಬಾಳೆ ತೋರಿಸಿ ಕಳಿಸಿದ್ದರು. ಮೊದಲ ವರ್ಷವೇ ಹೊಳೆ ಬಂತು.

“ಪಂಚಮಿ ಹತ್ತರ ಬಂದಿತ್ತು. ಆಚಿ ದಂಡಿ ಮ್ಯಾಲ ನಮ್ಮಣ್ಣ ಬಂದ ನಿಂತಿದ್ದ. ಕೈ ಬೀಸಾಕತ್ತಿದ್ದ. ನೀರಿನ ಸಪ್ಪಳಕ್ಕ ಮಾತ ಕೇಳೂದಿಲ್ಲ. ಹಬ್ಬಕ್ಕ ಕರಿಯಾಕ ಬಂದಾನ ಅಂತ ತಿಳಕೊಂಡ ನಾನೂ ನಕ್ಕೋತ ಕೈ ಬೀಸಿದ್ನಿ. ಮೂರ ದಿವಸ ಬಂದ. ಮೂರೂ ದಿವಸ ನಕ್ಕೋತ ಕೈ ಬೀಸಿದ್ನಿ. ನೀರ ಇಳದ ಮ್ಯಾಲ ಗೊತ್ತಾತು, ನಮ್ಮಪ್ಪ ತೀರಕೊಂಡಿದ್ದ.”

ಆಕೆ ಅಳಲಿಲ್ಲ. ಅತ್ತವಳು ನಾನು. ಆಕೆ ನನ್ನ ಕಣ್ಣೊರೆಸಿ, “ಹುಚ್ಚಿ, ಅಕ್ಕನ ಸಲುವಾಗಿ ಇಷ್ಟ ಅಳತಿಯಲ್ಲ,” ಎಂದಳು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಇಡೀ ದಿನದಲ್ಲಿ ನಮಗೆ ಒಂದು ಸುಳ್ಳನ್ನೂ ಹೇಳದವಳಿಗೆ ನಾವು ದಂಡೆಯ ಮೇಲೆ ಕಾಲಿಟ್ಟ ಕೂಡಲೇ ಸುಳ್ಳು ಹೇಳಿದ್ದೆವು.

ಸಂಜೆ ದೋಣಿಯವರೆಗೆ ಬೀಳ್ಕೊಡಲು ಬಂದಳು. ಬಾಳೆಗೊನೆ, ಬೆಲ್ಲದ ಅಚ್ಚು, ಒಂದು ಚೀಲ ಬದನೆ ದೋಣಿಗೆ ಏರಿದವು. ನನ್ನ ಕೈಗೆ ಒಂದು ಅರಿಶಿನದ ಬೇರು ಕೊಟ್ಟು, “ಅಕ್ಕಗ ಕೊಡು. ಏನ ಹೇಳತಿ ಆಕಿಗೆ?” ಎಂದು ಕೇಳಿದಳು. ಆ ದನಿಯಲ್ಲಿ ಎಷ್ಟು ಆಸೆ ಇತ್ತು, ಎಷ್ಟು ಭಯ ಇತ್ತು. ನನ್ನ ಬಾಯಲ್ಲಿ ಸುಳ್ಳು ಇನ್ನು ನಿಲ್ಲಲಿಲ್ಲ.

“ಅಕ್ಕ ಇಲ್ರಿ ಅವ್ವಾರ. ಆ ಹುಡುಗಿ ನಾನ ಅದೀನ್ರಿ,” ಎಂದೆ.

ಆಕೆ ಕುಡುಗೋಲು ಉಸುಕಿಗೆ ಬಿಟ್ಟು ಅಲ್ಲೇ ಕೂತಳು. ಮೊದಲು ಕಾಕಾನ ಕಡೆ ನೋಡಿದಳು. “ಹಿರೇರು ಅನಿಸಿಕೊಂಡ ನೀವು ಹಿಂಗ ಮಾಡೂದೇನ್ರಿ?” ಎಂದು ಒಂದೇ ಮಾತು ಕೇಳಿದಳು. ಕಾಕಾ ಚಪ್ಪಲಿಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ನೆಲ ನೋಡಿದ. ಅಪ್ಪ ಕೈ ಜೋಡಿಸಿ, “ತಪ್ಪಾತ್ರಿ. ನಾನ ಬಾಯಿ ಬಿಡಬೇಕಾಗಿತ್ತು,” ಎಂದ. ಆಕೆ ಅವನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ತನಗೆ ತಾನೇ ಎಂಬಂತೆ, “ಮಗನ ಲಗ್ನಾ ನಾನ ನನ್ನ ಬಾಯಿಂದ ಕೆಡಿಸಿಕೊಂಡ್ನಿ,” ಎಂದಳು.

ನನಗೆ ತಡೆಯಲಾಗಲಿಲ್ಲ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಕೆಡಿಸಿಲ್ರಿ. ನೀವ ಹೇಳದಿದ್ರ ನಾ ಒಲ್ಲೆ ಅಂತಿದ್ನಿ. ಈಗ ಹೂಂ ಅಂತೀನಿ,” ಎಂದೆ.

ಆಕೆ ತಲೆ ಎತ್ತಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಕೈ ಅಡ್ಡ ತಂದು, “ಈಗ ಅನಬ್ಯಾಡ,” ಎಂದಳು. “ಬಾಯಾಗ ಇನ್ನೂ ಕಾಕವಿ ಸಿಹಿ ಐತಿ. ನಾಗರ ಅಮಾಸಿ ದಿವಸ ಆಚಿ ದಂಡಿಗೆ ಬಂದ ನಿಂತ ನೋಡು. ಎಷ್ಟ ನೀರ ಇದ್ರೂ ನಾ ಈ ದಿಬ್ಬದ ಮ್ಯಾಲ ನಿಂತಿರತೀನಿ. ಅದನ್ನ ನೋಡಿ ಹೂಂ ಅಂದ್ರ, ಹೂಂ. ಒಲ್ಲೆ ಅನಿಸಿದ್ರ ಸುಮ್ಮನ ಮನಿಗೆ ಹೋಗಿಬಿಡು ತಂಗಿ. ನಾ ಏನೂ ಅನ್ನೂದಿಲ್ಲ.”

ಊರಿಗೆ ಬಂದು ಇದನ್ನು ಹೇಳಿದಾಗ ಅವ್ವ ಹಣೆ ಹಣೆ ಬಡಿದುಕೊಂಡಳು. ಲಗ್ನದ ತಿಂಗಳುಗಳು ಬಂದವು, ಹೋದವು. ಓಣಿಯ ಹೆಂಗಸರಿಗೆ ನಾಲ್ಕು ತಿಂಗಳಿಗಾಗುವಷ್ಟು ಮಾತು ಸಿಕ್ಕಿತು. ಮಳೆ ನೋಡಿ ಬಿತ್ತುವುದು ಗೊತ್ತು, ಮಹಾಪೂರ ನೋಡಿ ಲಗ್ನ ಮಾಡುವುದು ಎಲ್ಲಿದೆ ಎಂದು ನಕ್ಕರು. ನಡುವೆ ನಿಪ್ಪಾಣಿಯಿಂದ ಇನ್ನೊಂದು ಸಂಬಂಧ ಬಂತು. ತಂಬಾಕಿನ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತ, ಹೆದ್ದಾರಿಯ ಬದಿಗೆ ಮನೆ. “ನಳಾ ತಿರುವಿದ್ರ ನೀರ ಬರತೈತಿ. ಬ್ಯಾಡಾದ್ರ ನಿಲ್ಲಸಾಕೂ ಬರತೈತಿ,” ಎಂದು ಅವ್ವ ನನ್ನ ಕಡೆ ನೋಡಿ ಹೇಳಿದಳು. ಮಾತು ಸರಿಯಾಗೇ ಇತ್ತು. ಎಷ್ಟೋ ದಿನ ನನಗೂ ನಿಪ್ಪಾಣಿಯೇ ಬುದ್ಧಿವಂತಿಕೆ ಅನ್ನಿಸಿತು. ಅಪ್ಪ ಅವರಿಗೆ, ನಾಗರ ಅಮಾವಾಸ್ಯೆ ಆಗಲಿ, ಹೇಳುತ್ತೇವೆ ಎಂದು ಉತ್ತರ ಕೊಟ್ಟ.

ಆ ಸಲ ಘಟ್ಟದ ಮೇಲೆ ಮಳೆ ಜೋರು. ಅಮಾವಾಸ್ಯೆಯ ದಿನ ಅವ್ವನ ಇಳಕಲ್ ಸೀರೆ ಉಟ್ಟು, ಅಪ್ಪನ ಜೊತೆ ಹೊಳೆದಂಡೆಗೆ ಹೋದೆ. ದಂಡೆಯೇ ಇರಲಿಲ್ಲ. ಬೇಸಗೆಯಲ್ಲಿ ದೋಣಿ ಹತ್ತಲು ಇಳಿದಿದ್ದ ದಾರಿಯ ಅರ್ಧಕ್ಕೇ ನೀರು ಬಂದು ನಿಂತಿತ್ತು. ದೋಣಿಯನ್ನು ಮೇಲೆ ಎಳೆದು ಬೇವಿನ ಮರಕ್ಕೆ ಕಟ್ಟಿದ್ದರು. ಕೆಂಪು ನೀರು, ಅದರಲ್ಲಿ ತೇಲಿ ಹೋಗುವ ಟೊಂಗೆ, ಕಬ್ಬಿನ ಬುಡ, ಯಾರದೋ ಮನೆಯ ಬಾಗಿಲು. ಕಲ್ಲಂಗಡಿಯ ಉಸುಕಿಲ್ಲ, ಬದನೆಯಿಲ್ಲ, ಅರಿಶಿನ ಹರವಿದ ಅಂಗಳವಿಲ್ಲ. ದೂರದಲ್ಲಿ ಬಾಳೆಯ ತುದಿಗಳು, ಒಂದು ಮಾವಿನ ಮರ, ನಾಲ್ಕಾರು ಚಾವಣಿ. ಸಪ್ಪಳ ಎಂಥದ್ದೆಂದರೆ ಪಕ್ಕದಲ್ಲಿ ನಿಂತ ಅಪ್ಪನ ಮಾತೂ ಕೇಳದು. ಆಕೆ ಅಟ್ಟದಲ್ಲಿ ಹೇಳಿದ್ದರಲ್ಲಿ ಒಂದು ಅಕ್ಷರ ಹೆಚ್ಚಿರಲಿಲ್ಲ, ಒಂದು ಅಕ್ಷರ ಕಡಿಮೆ ಇರಲಿಲ್ಲ.

ಮಾವಿನ ಮರದ ಕೆಳಗೆ ಕಂದು ಸೀರೆಯ ಒಂದು ಆಕೃತಿ ನಿಂತಿತ್ತು. ಯಾವಾಗಿನಿಂದ ನಿಂತಿದ್ದಳೋ, ಮಳೆಯಲ್ಲಿ. ಅವಳ ಪಕ್ಕಕ್ಕೆ ಮಗ. ಇಬ್ಬರೂ ಅಲುಗಲಿಲ್ಲ. ಕರೆಯುವ ಹಾಗೆ ಒಂದು ಸನ್ನೆಯನ್ನೂ ಮಾಡಲಿಲ್ಲ.

ಅಪ್ಪ ಕಿವಿಯ ಹತ್ತಿರ ಬಾಯಿ ತಂದು, “ನೋಡಿದೆಲ್ಲ ಯವ್ವಾ. ಹೋಗೂಣ ಅಂದ್ರ ಹೋಗೂಣ,” ಎಂದ.

ನನಗೆ ಭಯವಾಗಿತ್ತು, ಬಹಳ. ನಿಪ್ಪಾಣಿಯ ನಳ ಕಣ್ಣ ಮುಂದೆ ಬಂದದ್ದೂ ಸುಳ್ಳಲ್ಲ. ಆದರೆ ಮಗನ ಲಗ್ನಕ್ಕಿಂತ ಕಾಣದ ಹುಡುಗಿಯೊಬ್ಬಳ ಬಾಳು ಮುಖ್ಯ ಎಂದುಕೊಂಡ ಹೆಂಗಸಿನ ಮನೆ ಇನ್ನೆಲ್ಲಿ ಸಿಕ್ಕೀತು? ಆ ನೀರನ್ನು ನೋಡುತ್ತಲೇ ನನಗೆ ಅದು ಖಚಿತವಾಯಿತು. ಈಗ ಇದನ್ನು ಅವಳಿಗೆ ಮುಟ್ಟಿಸುವುದು ಹೇಗೆ? ಕೂಗಿದರೆ ಕೇಳದು. ಕೈ ಬೀಸಲು ಮನಸ್ಸಾಗಲಿಲ್ಲ. ಈ ದಂಡೆಯಿಂದ ಬೀಸಿದ ಕೈ ಅವಳಿಗೆ ಒಮ್ಮೆ ಏನು ಹೇಳಿತ್ತು ಎಂದು ನನಗೆ ಗೊತ್ತಿತ್ತು.

ನಮ್ಮ ಕಡೆ ಲಗ್ನವಾಗದ ಹುಡುಗಿ ತಲೆಯ ಮೇಲೆ ಸೆರಗು ಹೊದೆಯುವುದಿಲ್ಲ. ಅತ್ತೆಯ ಎದುರು ಸೊಸೆ ಹೊದೆಯುತ್ತಾಳೆ. ನಾನು ಹೆಗಲ ಮೇಲಿನ ಇಳಕಲ್ ಸೆರಗನ್ನು ಬಿಡಿಸಿ, ಅದರ ಕೆಂಪು ಆಚೆಗೆ ಕಾಣುವ ಹಾಗೆ ಎರಡೂ ಕೈಯಿಂದ ಅಗಲವಾಗಿ ಹಿಡಿದು, ನಿಧಾನವಾಗಿ ತಲೆಯ ಮೇಲೆ ಹೊದ್ದುಕೊಂಡೆ. ಹಾಗೇ ಬಾಗಿ, ಕೈ ನೆಲಕ್ಕೆ ಮುಟ್ಟಿಸಿ, ನೀರಿಗೆ ಎದುರಾಗಿ ನಮಸ್ಕಾರ ಮಾಡಿದೆ.

ತಲೆ ಎತ್ತಿದಾಗ ಆಕೆ ಇನ್ನೂ ಹಾಗೇ ನಿಂತಿದ್ದಳು. ಕಾಣಲಿಲ್ಲವೇನೋ ಎಂದುಕೊಂಡೆ. ಆಮೇಲೆ ಆಕೆ ಎರಡು ಹೆಜ್ಜೆ ಮುಂದೆ, ನೀರಿನ ಅಂಚಿನವರೆಗೆ ಬಂದಳು. ಎರಡೂ ತೋಳು ಹೊಳೆಯ ಮೇಲೆ ನನ್ನ ಕಡೆಗೆ ಚಾಚಿ, ದೃಷ್ಟಿ ತೆಗೆಯುವ ಹಾಗೆ ಗಾಳಿಯಲ್ಲಿ ಇಳಿಸಿ, ತನ್ನ ಕಪಾಳಕ್ಕೆ ತಂದು ಲಟಿಕೆ ಮುರಿದಳು.